ವೃದ್ಧಾಶ್ರಮದಲ್ಲಿ ಶ್ರಮಕ್ಕೂ ಸ್ಥಳವಿರಲಿ

‘ಆಶ್ರಮ’ ಎಂಬ ಮಾತಿಗೆ ನಿಘಂಟುಗಳಲ್ಲಿ ಮುಖ್ಯವಾಗಿ ಎರಡು ಅರ್ಥಗಳು ದೊರೆಯುತ್ತವೆ. ಋಷಿಗಳು ವಾಸಮಾಡುವ ಸ್ಥಳ ಎಂಬುದೊಂದು; ಬ್ರಹ್ಮಚರ್ಯ, ಗಾರ್ಹಸ್ಥ್ಯ ಮೊದಲಾದ ಬಾಳಿನ ಘಟ್ಟ ಎಂಬುದು ಇನ್ನೊಂದು. ಎರಡಕ್ಕೂ ಮೂಲವಾದ ಧಾತು ‘ಶ್ರಮ್’. ದುಡಿ, ಪ್ರಯತ್ನಪಡು ಎಂದು ಅದರ ಅರ್ಥ. ಕಣ್ವರ ಆಶ್ರಮದಲ್ಲಿ ಗಿಡಬಳ್ಳಿಗಳಿಗೆ ನೀರೆರೆಯುವ ಕೆಲಸವಿತ್ತು, ತಾಯಿಯಿಲ್ಲದ ಜಿಂಕೆಮರಿಯನ್ನು ಸಾಕುವ ಕೆಲಸವಿತ್ತು, ಬಂದ ಅತಿಥಿಯನ್ನು ಸತ್ಕರಿಸುವ ಕೆಲಸವಿತ್ತು. ನಮ್ಮ ಕಾಲದಲ್ಲಿ ಈ ಮಾತಿನ ಹಿಂದೆ ‘ವೃದ್ಧ’ ಎಂಬುದನ್ನು ಸೇರಿಸಿ ‘ವೃದ್ಧಾಶ್ರಮ’ ಎಂಬ ಸಮಾಸವನ್ನು ಮಾಡಿಕೊಂಡಿದ್ದೇವೆ. ಸವರ್ಣದೀರ್ಘ ಸಂಧಿಯೇನೋ ಸರಿಯಾಗಿಯೇ ಆಗಿದೆ. ಅರ್ಥದಲ್ಲಿ ಮಾತ್ರ ಶ್ರಮಕ್ಕೆ ಲೋಪ ಬಂದಿದೆ.

ವೃದ್ಧಾಶ್ರಮವೆಂದೊಡನೆ ನಮ್ಮಲ್ಲಿ ಏಳುವುದು ಒಂದೇ ಚರ್ಚೆ. ಹೆತ್ತವರನ್ನು ಅಲ್ಲಿಗೆ ಕಳುಹಿಸುವುದು ಧರ್ಮವೇ ಅಧರ್ಮವೇ? ತಪ್ಪು ಮಕ್ಕಳದೋ ಕಾಲದ್ದೋ? ಈ ವಾದದಲ್ಲಿ ಎರಡು ಕಡೆಯವರಿಗೂ ಹೇಳಲು ಬೇಕಾದಷ್ಟಿದೆ. ನಾನು ಅದಕ್ಕೆ ಇಳಿಯುವುದಿಲ್ಲ. ವಾದ ತೀರುವ ತನಕ ಕಾದಿರುವಷ್ಟು ಕಾಲ ಅಲ್ಲಿರುವವರಿಗೆ ಉಳಿದಿಲ್ಲ. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ 60 ವರ್ಷ ತುಂಬಿದವರು 10 ಕೋಟಿಗಿಂತ ಹೆಚ್ಚು. ಅವರಲ್ಲಿ ಬಹುಮಂದಿ ತಮ್ಮ ತಮ್ಮ ಮನೆಗಳಲ್ಲೇ ಇದ್ದಾರೆ, ನಿಜ. ಆದರೂ ಮಕ್ಕಳಿಲ್ಲದವರು, ಮಕ್ಕಳು ಪರದೇಶದಲ್ಲಿರುವವರು, ಒಂಟಿಯಾಗಿ ಉಳಿದ ವಿಧವೆಯರು, ಮನೆಯಲ್ಲಿ ನೋಡಿಕೊಳ್ಳಲಾಗದಷ್ಟು ಕಾಯಿಲೆಯಾದವರು, ಇವರಿಗೆ ಇಂಥ ನೆಲೆ ಬೇಕೇ ಬೇಕು. ಅಲ್ಲಿ ಅವರ ಹಗಲು ಹೇಗೆ ಕಳೆಯುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಒಳ್ಳೆಯ ಆಶ್ರಮವೊಂದನ್ನೇ ತೆಗೆದುಕೊಳ್ಳಿ. ನೆಲ ಒರಸಿ ಶುಭ್ರವಾಗಿದೆ. ಹಾಸಿಗೆಯ ಹೊದಿಕೆ ಒಗೆದದ್ದು. ಹೊತ್ತಿಗೆ ಸರಿಯಾಗಿ ಕಾಫಿ, ತಿಂಡಿ, ಊಟ, ಮಾತ್ರೆ. ಬೆರಳಿಟ್ಟು ತೋರಿಸಬಹುದಾದ ದೋಷ ಒಂದೂ ಇಲ್ಲ. ಆದರೆ ಆ ದಿನಚರಿಯನ್ನು ವಾಕ್ಯಗಳಾಗಿ ಬರೆದು ನೋಡಿ. ಅವರಿಗೆ ಸ್ನಾನ ಮಾಡಿಸಲಾಯಿತು, ಊಟ ಬಡಿಸಲಾಯಿತು, ಮಾತ್ರೆ ಕೊಡಲಾಯಿತು, ದೀಪ ಆರಿಸಲಾಯಿತು. ಎಲ್ಲವೂ ಕರ್ಮಣಿ ಪ್ರಯೋಗ! ವೃದ್ಧರು ತಾವೇ ಕರ್ತೃಪದವಾಗಿ ನಿಲ್ಲುವ ವಾಕ್ಯ ಹಗಲೆಲ್ಲ ಹುಡುಕಿದರೂ ಸಿಕ್ಕುವುದು ಕಷ್ಟ. ಸಂಜೆ ನಾಲ್ಕರ ಕಾಫಿಗೂ ಏಳೂವರೆಯ ಊಟಕ್ಕೂ ನಡುವೆ ಗೋಡೆಯ ಗಡಿಯಾರವೊಂದೇ ಕೆಲಸ ಮಾಡುತ್ತಿರುತ್ತದೆ.

ಹೀಗೆ ಮನುಷ್ಯನನ್ನು ಕರ್ತೃಸ್ಥಾನದಿಂದ ಇಳಿಸುವುದಕ್ಕೂ ಅವನ ಆರೋಗ್ಯಕ್ಕೂ ಸಂಬಂಧವುಂಟೇ ಎಂದು ಪರೀಕ್ಷಿಸಿ ನೋಡಿದವರು ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞೆಯರು, ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್. ಕನೆಕ್ಟಿಕಟ್ ಸಂಸ್ಥಾನದ ಒಂದು ಶುಶ್ರೂಷಾಲಯದಲ್ಲಿ ಅವರು ನಡೆಸಿದ ಪ್ರಯೋಗದ ವರದಿ 1976ರಲ್ಲಿ ಪ್ರಕಟವಾಯಿತು. ಒಂದೇ ಕಟ್ಟಡದ ಎರಡು ಅಂತಸ್ತುಗಳನ್ನು ಅವರು ಆರಿಸಿಕೊಂಡರು. ಒಂದು ಅಂತಸ್ತಿನವರಿಗೆ ಮೇಲ್ವಿಚಾರಕರಿಂದ ಹೀಗೆ ಹೇಳಿಸಿದರು: ನಿಮ್ಮ ಕೋಣೆಯ ಮೇಜು ಕುರ್ಚಿ ಎಲ್ಲಿರಬೇಕೆಂದು ನೀವೇ ಗೊತ್ತುಮಾಡಿ, ಸಿನಿಮಾ ನೋಡುವುದು ಗುರುವಾರವೋ ಶುಕ್ರವಾರವೋ ನೀವೇ ಹೇಳಿ, ಇಲ್ಲಿರುವ ಗಿಡಗಳಲ್ಲಿ ಬೇಕಾದದ್ದನ್ನು ಆರಿಸಿಕೊಂಡು ನೀವೇ ಸಾಕಿ. ಇನ್ನೊಂದು ಅಂತಸ್ತಿನವರಿಗೂ ಗಿಡ ಕೊಟ್ಟರು, ಸಿನಿಮಾ ತೋರಿಸಿದರು. ಆದರೆ ಗಿಡಕ್ಕೆ ನೀರು ಹಾಕುವವರು ದಾದಿಯರು, ಸಿನಿಮಾದ ದಿನ ಗೊತ್ತುಮಾಡುವವರು ಅಧಿಕಾರಿಗಳು. ವ್ಯತ್ಯಾಸ ಇಷ್ಟೇ. ಮೂರು ವಾರ ಕಳೆದ ಮೇಲೆ ನೋಡಿದರೆ ಮೊದಲನೆಯ ಗುಂಪಿನಲ್ಲಿ ನೂರಕ್ಕೆ 93 ಮಂದಿಯ ಸ್ಥಿತಿ ಸುಧಾರಿಸಿತ್ತು. ಎರಡನೆಯದರಲ್ಲಿ ನೂರಕ್ಕೆ 71 ಮಂದಿ ಮುಂಚಿಗಿಂತ ಕುಗ್ಗಿದ್ದರು. ಒಂದೂವರೆ ವರ್ಷದ ಬಳಿಕ ಮತ್ತೆ ಹೋಗಿ ವಿಚಾರಿಸಿದಾಗ ಮೊದಲನೆಯ ಗುಂಪಿನ 47 ಮಂದಿಯಲ್ಲಿ 7 ಜನವೂ ಎರಡನೆಯದರ 44 ಮಂದಿಯಲ್ಲಿ 13 ಜನವೂ ತೀರಿಕೊಂಡಿದ್ದರು.

ಸಾವಿನ ಈ ಲೆಕ್ಕವನ್ನು ತೂಗಿದ ಗಣಿತದಲ್ಲಿ ದೋಷವಿತ್ತೆಂದು 1978ರಲ್ಲಿ ಅದೇ ಪತ್ರಿಕೆಯಲ್ಲಿ ತಿದ್ದುಪಡಿ ಬಂದಿತು. ತಿದ್ದಿದ ಮೇಲೆ ವ್ಯತ್ಯಾಸದ ಬಲ ಬಹಳ ಇಳಿಯಿತು. ಆದ್ದರಿಂದ ಗಿಡಕ್ಕೆ ನೀರು ಹಾಕಿದರೆ ಆಯುಸ್ಸು ಬೆಳೆಯುತ್ತದೆಂದು ಯಾರಾದರೂ ಸಾರಿದರೆ ಪೂರ್ತಿ ನಂಬಬೇಕಾದದ್ದಿಲ್ಲ. ಮನಸ್ಸು ಚುರುಕಾಯಿತು, ಮುಖದಲ್ಲಿ ಗೆಲುವು ಬಂತು ಎಂಬಷ್ಟನ್ನು ಒಪ್ಪಬಹುದು. ನಮಗೆ ಅಷ್ಟೇ ಸಾಕು.

ಇದಕ್ಕಿಂತ ಸ್ವಾರಸ್ಯವಾದದ್ದು 1991ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ನ್ಯೂ ಬರ್ಲಿನ್ ಎಂಬ ಸಣ್ಣ ಊರಿನಲ್ಲಿ ನಡೆದ ಪ್ರಸಂಗ. ಅಲ್ಲಿಯ ಚೇಸ್ ಮೆಮೋರಿಯಲ್ ಶುಶ್ರೂಷಾಲಯಕ್ಕೆ ಬಿಲ್ ಥಾಮಸ್ ಎಂಬ ತರುಣ ವೈದ್ಯ ವೈದ್ಯಾಧಿಕಾರಿಯಾಗಿ ಬಂದ. ಅಲ್ಲಿದ್ದವರು 80 ಮಂದಿ. ಅರ್ಧದಷ್ಟು ಜನ ಅಂಗಶಕ್ತಿ ಕುಂದಿದವರು. ಐವರಲ್ಲಿ ನಾಲ್ವರಿಗೆ ಮರೆವಿನ ರೋಗ. ಹೊಸ ವೈದ್ಯ ಮೊದಮೊದಲು ಎಲ್ಲರೂ ಮಾಡುವುದನ್ನೇ ಮಾಡಿದ: ರಕ್ತಪರೀಕ್ಷೆ, ಹೊಸ ಔಷಧ. ವೆಚ್ಚ ಏರಿತೇ ಹೊರತು ಮಂಕು ಹರಿಯಲಿಲ್ಲ. ಕೊನೆಗೆ ಅವನಿಗೆ ತೋರಿದ್ದೇನೆಂದರೆ, ಈ ಜನರನ್ನು ಕಾಡುತ್ತಿರುವ ವ್ಯಾಧಿಗಳು ವೈದ್ಯಗ್ರಂಥದಲ್ಲಿಲ್ಲ. ಅವು ಒಂಟಿತನ, ಬೇಸರ, ತನ್ನಿಂದೇನೂ ಆಗದೆಂಬ ಅಸಹಾಯಕತೆ, ಈ ಮೂರು. ಇವಕ್ಕೆ ಮಾತ್ರೆಯಿಲ್ಲ. ಕಟ್ಟಡದೊಳಗೆ ಜೀವ ತುಂಬಬೇಕು ಎಂದು ಅವನು ನಿಶ್ಚಯಿಸಿದ.

ಜೀವ ಎಂಬುದನ್ನು ಅವನು ಅಲಂಕಾರಿಕವಾಗಿ ಹೇಳಲಿಲ್ಲ. ಎರಡು ನಾಯಿ, ನಾಲ್ಕು ಬೆಕ್ಕು, ನೂರು ಹಕ್ಕಿ ಬೇಕೆಂದು ಆಡಳಿತ ಸಭೆಯ ಮುಂದೆ ಕೇಳಿದ. ಒಂದು ನಾಯಿಯೋ ಒಂದು ಬೆಕ್ಕೋ ಇರಬಹುದೆಂದು ಸರ್ಕಾರಿ ನಿಯಮ. ಹಕ್ಕಿಗಳ ಮಾತೇ ಇಲ್ಲ. ಪಟ್ಟುಹಿಡಿದು ವಿನಾಯಿತಿ ಪಡೆದ. ಹಕ್ಕಿಗಳು ಬಂದ ದಿನ ಪಂಜರಗಳು ಇನ್ನೂ ಸಿದ್ಧವಾಗಿರಲಿಲ್ಲ. ತಂದವನು ನೂರು ಗಿಳಿಜಾತಿಯ ಪುಟ್ಟ ಹಕ್ಕಿಗಳನ್ನು ತಲೆಗೂದಲು ಕತ್ತರಿಸುವ ಕೋಣೆಯೊಳಗೆ ಬಿಟ್ಟು ಬಾಗಿಲೆಳೆದುಕೊಂಡು ಹೊರಟುಹೋದ. ಸಿಬ್ಬಂದಿಯವರು ಹಕ್ಕಿ ಹಿಡಿಯಲು ಪಟ್ಟ ಪಾಡನ್ನು ಗಾಜಿನ ಕಿಟಕಿಯ ಹೊರಗೆ ನಿಂತು ವೃದ್ಧರು ನೋಡಿದರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಎಷ್ಟೋ ಕಾಲದಿಂದ ಆ ಕಟ್ಟಡದಲ್ಲಿ ಅಂಥ ನಗು ಕೇಳಿರಲಿಲ್ಲ.

ಕಷ್ಟಗಳೂ ಬಂದವು. ನಾಯಿ ನೆಲದ ಮೇಲೆ ಮಾಡಿದ ಗಲೀಜನ್ನು ತೆಗೆಯುವವರು ಯಾರು? ದಾದಿಯ ವಿದ್ಯೆ ಕಲಿತು ಬಂದವರು ಇದನ್ನೂ ಮಾಡಬೇಕೇ ಎಂದು ಜಗಳವಾಯಿತು. (ನಮ್ಮಲ್ಲಾದರೆ ಜಾತಿ, ಸಂಬಳ, ದರ್ಜೆ ಎಲ್ಲವೂ ಆ ಜಗಳಕ್ಕೆ ಸೇರಿಕೊಳ್ಳುತ್ತಿದ್ದವು.) ಮೆಲ್ಲಗೆ ಎಲ್ಲರೂ ಒಗ್ಗಿಕೊಂಡರು. ವೃದ್ಧರು ಒಂದೊಂದು ಹಕ್ಕಿಯನ್ನೂ ತಮ್ಮದೆಂದು ಇಟ್ಟುಕೊಂಡು ಹೆಸರಿಟ್ಟರು. ಬರಿಯ ಹುಲ್ಲು ಬೆಳೆದಿದ್ದ ಅಂಗಳದಲ್ಲಿ ತರಕಾರಿ, ಹೂಗಿಡಗಳಾದವು. ಕೆಲಸದವರ ಮಕ್ಕಳು ಶಾಲೆ ಬಿಟ್ಟ ಮೇಲೆ ಅಲ್ಲಿಗೇ ಬರತೊಡಗಿದರು. ಮಾತೇ ಹೋಗಿದೆಯೆಂದು ತಿಳಿದಿದ್ದವರು ಮಾತನಾಡಿದರು. ಎದ್ದು ನಡೆಯದಿದ್ದವರು ತಾವಾಗಿ ಬಂದು, ನಾಯಿಯನ್ನು ತಿರುಗಾಡಿಸಿಕೊಂಡು ಬರುತ್ತೇವೆಂದು ದಾದಿಯರನ್ನು ಕೇಳಿದರು. ಹೆಂಡತಿಯನ್ನು ಕಳೆದುಕೊಂಡು ಊಟ ಬಿಟ್ಟು ಮಲಗಿದ್ದ ಒಬ್ಬ ವೃದ್ಧನ ಕೋಣೆಯಲ್ಲಿ ಒಂದು ಜೋಡಿ ಹಕ್ಕಿಯನ್ನಿಟ್ಟರು. ಮೊದಲು ಅವನಿಗೆ ಅದರ ಕಡೆ ಲಕ್ಷ್ಯವಿಲ್ಲ. ಆಮೇಲೆ ಅವು ಚೆನ್ನಾಗಿ ಕಾಣುವಂತೆ ಹಾಸಿಗೆಯಲ್ಲಿ ಸರಿದು ಮಲಗಲಾರಂಭಿಸಿದ. ಅವು ಏನು ತಿಂದವು, ಏನು ಮಾಡಿದವು ಎಂದು ಬಂದವರಿಗೆಲ್ಲ ಹೇಳತೊಡಗಿದ. ಕಡೆಗೆ ಚೇತರಿಸಿಕೊಂಡು ತನ್ನ ಮನೆಗೇ ಹಿಂತಿರುಗಿದ.

ಎರಡು ವರ್ಷ ಇನ್ನೊಂದು ಶುಶ್ರೂಷಾಲಯದೊಡನೆ ಹೋಲಿಸಿ ನೋಡಿದರು. ತಲೆಗೆ ಬರೆದುಕೊಡುತ್ತಿದ್ದ ಔಷಧಗಳು ಅಲ್ಲಿಗಿಂತ ಅರ್ಧಕ್ಕೆ ಇಳಿದಿದ್ದವು, ಮುಖ್ಯವಾಗಿ ಕಳವಳ ಅಡಗಿಸಲೆಂದು ಕೊಡುವ ಮಂಪರಿನ ಔಷಧಗಳು. ಔಷಧದ ವೆಚ್ಚ ಅಲ್ಲಿಯ ವೆಚ್ಚದ ನೂರಕ್ಕೆ 38ರಷ್ಟಾಯಿತು. ಸಾವುಗಳು ನೂರಕ್ಕೆ 15ರಷ್ಟು ಕಡಮೆಯಾಗಿದ್ದವು. ಬೇರೆ ಕಡೆಗಳಲ್ಲಿ ಆಮೇಲೆ ನಡೆದ ಪರೀಕ್ಷೆಗಳೆಲ್ಲ ಇಷ್ಟೇ ನಿಚ್ಚಳವಾದ ಫಲ ಕೊಡಲಿಲ್ಲವೆಂಬುದನ್ನೂ ಹೇಳಬೇಕು. ನಾಯಿಯನ್ನು ತಂದು ಕಟ್ಟಿ, ಉಳಿದದ್ದನ್ನೆಲ್ಲ ಇದ್ದಂತೆಯೇ ಬಿಟ್ಟರೆ ಏನೂ ಆಗದು ಎಂಬುದು ನನ್ನ ಊಹೆ.

ಈ ಕಥೆಯನ್ನು ಲೋಕಕ್ಕೆಲ್ಲ ತಿಳಿಸಿದವರು ಮಹಾರಾಷ್ಟ್ರ ಮೂಲದ ಅಮೆರಿಕದ ಶಸ್ತ್ರವೈದ್ಯ ಅತುಲ್ ಗವಾಂಡೆ, 2014ರ ‘ಬೀಯಿಂಗ್ ಮಾರ್ಟಲ್’ ಎಂಬ ಗ್ರಂಥದಲ್ಲಿ. ಅವರ ಅಜ್ಜ ಸೀತಾರಾಮ ಗವಾಂಡೆ ಮಹಾರಾಷ್ಟ್ರದ ಉಟಿ ಎಂಬ ಹಳ್ಳಿಯಲ್ಲಿ ಸುಮಾರು 110 ವರ್ಷ ಬಾಳಿದರು. ನೂರರ ಆಸುಪಾಸಿನಲ್ಲಿಯೂ ರಾತ್ರಿ ಮಲಗುವ ಮುಂಚೆ ಕುದುರೆಯೇರಿ ಹೊಲಗಳನ್ನೆಲ್ಲ ಸುತ್ತಿ ನೋಡಿಬರುವ ವಾಡಿಕೆಯಿತ್ತಂತೆ. ಅವರನ್ನು ಕುದುರೆಯ ಮೇಲೆ ಹತ್ತಿಸಲು ಯಾರಾದರೂ ಕೈಕೊಟ್ಟಿರಬಹುದು. ಹತ್ತಬೇಡಿ ಎನ್ನುವವರು ಮಾತ್ರ ಮನೆಯಲ್ಲಿರಲಿಲ್ಲ.

ಹಾಲೆಂಡಿನ ವೇಸ್ಪ್ ಎಂಬಲ್ಲಿ 2009ರಲ್ಲಿ ‘ಹೋಗೆವೇಕ್’ ಎಂಬ ಒಂದು ಪುಟ್ಟ ಊರನ್ನೇ ಕಟ್ಟಿದರು. ತೀವ್ರವಾದ ಮರೆವಿನ ರೋಗವುಳ್ಳವರಿಗೆಂದೇ ಮಾಡಿದ್ದು. ಪ್ರಾರಂಭದಲ್ಲಿ 23 ಮನೆಗಳು, ಸುಮಾರು 150 ಮಂದಿ. ಒಂದೊಂದು ಮನೆಯಲ್ಲಿ ಆರೋ ಏಳೋ ಜನ. ಅಡುಗೆ ಆಯಾ ಮನೆಯಲ್ಲೇ. ಬೀದಿಯಿದೆ, ಅಂಗಡಿಯಿದೆ, ಕಾಫಿಯ ಮನೆಯಿದೆ, ನಾಟಕಶಾಲೆಯಿದೆ. ಊರಿನಿಂದ ಹೊರಗೆ ಹೋಗಲು ಇರುವುದು ಒಂದೇ ಬಾಗಿಲು, ಅದನ್ನು ಕಾಯುತ್ತಾರೆ. ಒಳಗೆ ಯಾರು ಎಲ್ಲಿ ಬೇಕಾದರೂ ತಿರುಗಬಹುದು. ನೋಡಿಕೊಳ್ಳುವವರು ಆಸ್ಪತ್ರೆಯ ಬಿಳಿಯ ಉಡುಪು ತೊಡುವುದಿಲ್ಲ.

ಈ 150 ಎಂಬ ಸಂಖ್ಯೆಯನ್ನು ಓದಿದಾಗ ನನಗೆ ನಮ್ಮ 2007ರ ಕಾಯಿದೆ ನೆನಪಾಯಿತು. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ಪಾರ್ಲಿಮೆಂಟು ಮಾಡಿದ ಆ ಕಾಯಿದೆಯ 19ನೆಯ ಪ್ರಕರಣವು, ರಾಜ್ಯಸರ್ಕಾರಗಳು ಜಿಲ್ಲೆಗೊಂದಾದರೂ ವೃದ್ಧಾಶ್ರಮವನ್ನು ಸ್ಥಾಪಿಸಬಹುದೆಂದೂ ಅದರಲ್ಲಿ ದಿಕ್ಕಿಲ್ಲದ ಹಿರಿಯರು ಕನಿಷ್ಠ 150 ಮಂದಿಗೆ ಸ್ಥಳವಿರಬೇಕೆಂದೂ ಹೇಳುತ್ತದೆ. ಅಲ್ಲಿಯೂ ನೂರೈವತ್ತು, ಇಲ್ಲಿಯೂ ನೂರೈವತ್ತು. ಒಂದೇ ಉದ್ದನೆಯ ಹಜಾರದಲ್ಲಿ ನೂರೈವತ್ತು ಮಂಚ ಹಾಕಿದರೂ ನಮ್ಮ ಕಾಯಿದೆಯ ಮಾತು ನಡೆದಂತಾಯಿತು. ಆರಾರು ಜನರ ಇಪ್ಪತ್ತೈದು ಮನೆ ಕಟ್ಟಿದರೂ ನಡೆದಂತಾಯಿತು. ನೆಲವೂ ಇಟ್ಟಿಗೆಯೂ ಎರಡನೆಯದಕ್ಕೆ ತುಸು ಹೆಚ್ಚು ಬೇಕು. ಆದರೆ ಆರು ಜನರಿಗೆ ಸಾರು ಮಾಡುವಾಗ ಹುಳಿ ಎಷ್ಟಿರಬೇಕೆಂದು ಕೇಳಬಹುದು, ನೂರೈವತ್ತು ಜನರಿಗೆ ಕೇಳಲಾಗದು. ಅಮೆರಿಕದಲ್ಲಿ ಅದೇ ಬಿಲ್ ಥಾಮಸ್ ಮುಂದೆ ಹತ್ತು ಹನ್ನೆರಡು ಜನರ ‘ಗ್ರೀನ್ ಹೌಸ್’ಗಳ ಕಲ್ಪನೆಯನ್ನು ಹುಟ್ಟಿಸಿದ. ಒಬ್ಬೊಬ್ಬರಿಗೆ ಒಂದೊಂದು ಕೋಣೆ, ನಡುವೆ ಎಲ್ಲರಿಗೂ ಕಾಣುವ ಅಡುಗೆಮನೆ. ಅವುಗಳಲ್ಲಿ ಮೊದಲಿನವು 2003ರಲ್ಲಿ ಮಿಸಿಸಿಪಿಯ ಟ್ಯುಪೆಲೋದಲ್ಲಿ ಆದವು. ಅಡುಗೆಮನೆ ಕಣ್ಣಿಗೆ ಬೀಳಬೇಕು, ಒಗ್ಗರಣೆಯ ವಾಸನೆ ಮೂಗಿಗೆ ಬರಬೇಕು ಎಂಬುದನ್ನು ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೊಸತೆಂಬುದೆಲ್ಲ ಒಳ್ಳೆಯದೆಂದು ನಾನು ಹೇಳಲಾರೆ. ಜರ್ಮನಿಯ ಡ್ಯುಸೆಲ್ಡಾರ್ಫಿನಲ್ಲಿ ಒಂದು ಶುಶ್ರೂಷಾಲಯದ ಮುಂದೆ ಬಸ್ಸೇ ಬಾರದ ಬಸ್ ನಿಲ್ದಾಣವೊಂದನ್ನು ನಿಲ್ಲಿಸಿದರು. ಮರೆವಿನವರು ‘ಮನೆಗೆ ಹೋಗಬೇಕು’ ಎಂದು ಹೊರಟು ಅಲ್ಲಿ ಕುಳಿತುಕೊಳ್ಳುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಹೊರಟ ಕಾರಣವೇ ಮರೆತುಹೋಗುತ್ತದೆ. ದಾದಿ ಬಂದು ಕಾಫಿಗೆ ಕರೆದುಕೊಂಡು ಹೋಗುತ್ತಾಳೆ. ದಾರಿ ತಪ್ಪುವುದಕ್ಕಿಂತ, ಕಟ್ಟಿಹಾಕಿಸಿಕೊಳ್ಳುವುದಕ್ಕಿಂತ ಇದು ಮೇಲೆನ್ನುತ್ತಾರೆ. ಇರಬಹುದು. ನನಗೇನೋ ಆ ಬೆಂಚಿನ ಚಿತ್ರ ಮನಸ್ಸಿಗೆ ಹಿತವಾಗಲಿಲ್ಲ. ಹೋಗೆವೇಕಿನ ಅಂಗಡಿಯಲ್ಲಾದರೋ ನಿಜವಾದ ಬೆಣ್ಣೆ, ನಿಜವಾದ ಬ್ರೆಡ್ಡು ಸಿಕ್ಕುತ್ತದೆ.

ಅದೇ ಹಾಲೆಂಡಿನ ಡೆವೆಂಟರ್ ಪಟ್ಟಣದ ‘ಹ್ಯುಮಾನಿಟಾಸ್’ ಎಂಬ ವೃದ್ಧರ ಮನೆಯಲ್ಲಿ 2012ರಿಂದ ಕಾಲೇಜು ವಿದ್ಯಾರ್ಥಿಗಳಿಗೆ ಬಾಡಿಗೆಯಿಲ್ಲದೆ ಕೋಣೆ ಕೊಡುವ ಏರ್ಪಾಡು ಮೊದಲಾಯಿತು. ಪ್ರತಿಯಾಗಿ ತಿಂಗಳಿಗೆ 30 ಗಂಟೆ ಅವರು ಒಳ್ಳೆಯ ನೆರೆಯವರಾಗಿರಬೇಕು. ಶುಶ್ರೂಷೆ ಅವರ ಕೆಲಸವಲ್ಲ. ಜೊತೆಯಲ್ಲಿ ಊಟ ಮಾಡುವುದು, ಹರಟುವುದು. ಓದುವ ಹುಡುಗರಿಗೆ ಕೋಣೆ ಸಿಕ್ಕದೆ ಪರದಾಡುವ ನಮ್ಮ ಧಾರವಾಡ, ಮೈಸೂರುಗಳಲ್ಲಿ ಇದನ್ನು ಯಾರಾದರೂ ಕೈಗೆತ್ತಿಕೊಳ್ಳಬಾರದೇಕೆ?

ನಮ್ಮ ಆಶ್ರಮಗಳಲ್ಲಿ ಹೊರಗಿನವರ ಸಂಪರ್ಕ ಇಲ್ಲವೆಂದಲ್ಲ. ಮಗುವಿನ ಹುಟ್ಟುಹಬ್ಬ, ಹಿರಿಯರ ಪುಣ್ಯತಿಥಿ ಎಂದು ದಾನಿಗಳು ಬಂದು ಊಟ ಹಾಕಿಸುತ್ತಾರೆ. ಪಾಯಸ, ಹೋಳಿಗೆ, ಒಂದು ಭಾವಚಿತ್ರ. ಅವರ ಒಳ್ಳೆಯ ಮನಸ್ಸಿನಲ್ಲಿ ಸಂದೇಹವಿಲ್ಲ. ಆದರೆ ಒಂದೇ ವಾರದಲ್ಲಿ ಮೂರು ಮಂದಿ ಅಪರಿಚಿತ ಮಕ್ಕಳಿಗೆ ಚಪ್ಪಾಳೆ ತಟ್ಟಿ ಹಾರೈಸುವ ಮುದುಕರು, ಅಲ್ಲಿಯೂ ತೆಗೆದುಕೊಳ್ಳುವ ಕೈಯಾಗಿಯೇ ಉಳಿಯುತ್ತಾರೆ.

ಮಾಗಿಯ ಕಾಲದಲ್ಲಿ ಒಮ್ಮೆ ನಮ್ಮ ಶಾಲೆಯ ಮಕ್ಕಳೊಡನೆ ಇಂಥದೊಂದು ಆಶ್ರಮಕ್ಕೆ ಹೋಗಿದ್ದಾಗ ಅಡುಗೆಯಾಕೆ ಅವರೆಕಾಯಿಯ ರಾಶಿ ಹಾಕಿಕೊಂಡು ಬಿಡಿಸುತ್ತಿದ್ದಳು. ಎಂಬತ್ತರ ಒಬ್ಬ ಅಜ್ಜಿ ಬಂದು ಪಕ್ಕದಲ್ಲಿ ಕುಳಿತರು. “ನಿಮಗ್ಯಾಕಜ್ಜಿ ಈ ಕಷ್ಟ, ಹೋಗಿ ಕೂತ್ಕೊಳ್ಳಿ” ಎಂದಳು ಆಕೆ. “ಕೂತು ಕೂತು ಸಾಕಾಗಿದೆ ಕಣೇ, ಆ ಮೊರ ಇತ್ತ ತಾ” ಎಂದು ಅಜ್ಜಿ ಕಿತ್ತುಕೊಂಡರು. ಹತ್ತು ನಿಮಿಷದಲ್ಲಿ ಇನ್ನೂ ನಾಲ್ವರು ಸುತ್ತ ಸೇರಿದರು. ಸೊಗಡು ಯಾವ ಊರಿನ ಕಾಯಿಯದು, ಹಿಚುಕಿದ ಬೇಳೆಗೆ ಕೊಬ್ಬರಿ ಎಷ್ಟು ಎಂದು ದೊಡ್ಡ ವಾಗ್ವಾದ. ನಮ್ಮ ಹುಡುಗಿಯರು ಹಾಡಲೆಂದು ಕಲಿತು ಬಂದಿದ್ದ ಹಾಡನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಅವರೂ ಮೊರದ ಸುತ್ತ ಕುಳಿತರು.

ಹೂ ಕಟ್ಟುವುದು, ಬತ್ತಿ ಹೊಸೆಯುವುದು, ತುಳಸಿಗೆ ನೀರು, ಬಾಗಿಲಿಗೆ ರಂಗೋಲಿ, ಕಾಗೆಗೆ ಒಂದು ಹಿಡಿ ಅನ್ನ, ಹಿತ್ತಲಲ್ಲಿ ನಾಲ್ಕು ಪಾತಿ ಸೊಪ್ಪು. ಇವಕ್ಕೆ ಹಣ ಬೇಡ, ಪರದೇಶದ ಪ್ರಯೋಗವೂ ಬೇಡ. ಗಮಕ ಬಲ್ಲವರು ಒಬ್ಬರಿದ್ದರೆ ಸಂಜೆ ಕುಮಾರವ್ಯಾಸನನ್ನೋ ಲಕ್ಷ್ಮೀಶನನ್ನೋ ಓದಿಸಬಹುದು. ಓದುವವರಿದ್ದರೆ ಅರ್ಥ ಹೇಳುವವರು ತಾವಾಗಿ ಏಳುತ್ತಾರೆ. ನೆರೆಯ ಮಕ್ಕಳಿಗೆ ಮಗ್ಗಿ ಹೇಳಿಕೊಡಲು ನಿವೃತ್ತ ಉಪಾಧ್ಯಾಯರಿಗಿಂತ ತಕ್ಕವರು ಬೇಕೇ? ಒಂದು ಎಚ್ಚರಿಕೆ ಮಾತ್ರ ಅಗತ್ಯ. ಕೆಲಸ ಅವರ ಇಷ್ಟದ್ದಾಗಿರಬೇಕು. ಇಂದು ಬೇಡವೆಂದರೆ ಬೇಡ. ಅಡುಗೆಯಾಕೆಯ ಸಂಬಳ ಉಳಿಸಲು ಅಜ್ಜಿಯರಿಂದ ಕಾಯಿ ಬಿಡಿಸುವ ವ್ಯವಸ್ಥಾಪಕನಿಗೆ ಈ ಲೇಖನದ ಆಧಾರ ಸಿಕ್ಕಬಾರದು.

ರೇಡಿಯೋದ ವಿಷಯ ಈ ಪತ್ರಿಕೆಯಲ್ಲಿ ಹೇಳದಿದ್ದರೆ ಆಗದು. ಮೈಸೂರಿನಲ್ಲಿ 1935ರಲ್ಲಿ ಬಾನುಲಿ ಕೇಂದ್ರವನ್ನು ಹುಟ್ಟುಹಾಕಿದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಒಂಟಿಯಾಗಿ ಕುಳಿತವನಿಗೆ ಮನುಷ್ಯಧ್ವನಿಯ ಬೆಲೆ ಏನೆಂದು ಅವರಿಗೆ ನಾವು ಹೇಳಬೇಕಾಗಿರಲಿಲ್ಲ. ಹಜಾರದ ಎತ್ತರದ ಗೂಡಿನಲ್ಲಿ ಒಂದು ಪೆಟ್ಟಿಗೆಯನ್ನಿಟ್ಟು, ಬೆಳಗಿನಿಂದ ರಾತ್ರಿಯವರೆಗೆ ಒಂದೇ ಸಮನೆ ಕೂಗಿಸುವುದರಿಂದ ಆ ಬೆಲೆ ದಕ್ಕುವುದಿಲ್ಲ. ಒಬ್ಬರಿಗೆ ವಾರ್ತೆ ಬೇಕು, ಒಬ್ಬರಿಗೆ ಕಛೇರಿ, ಒಬ್ಬರಿಗೆ ನಾಟಕ, ಇನ್ನೊಬ್ಬರಿಗೆ ನಿಶ್ಶಬ್ದವೇ ಬೇಕು. ಸಣ್ಣ ಸೆಟ್ಟೊಂದು ಮಂಚದ ಪಕ್ಕದಲ್ಲಿದ್ದು ಅದರ ತಿರುಪು ಅವರ ಕೈಗೆಟಕುವಂತಿರಬೇಕು. ಮನೆಯಲ್ಲಿ ಮೂಲೆಗೆ ಬಿದ್ದಿರುವ ಸೆಟ್ಟಿದ್ದರೆ, ದುರಸ್ತಿ ಮಾಡಿಸಿ ಕೊಟ್ಟು ಬರುವ ಕೆಲಸವನ್ನು ವಾಚಕರು ಈ ಭಾನುವಾರವೇ ಮಾಡಬಹುದು.

ಇನ್ನು ಎಲ್ಲ ವ್ಯವಸ್ಥಾಪಕರೂ ಹೇಳುವ ಮಾತೊಂದಿದೆ. “ಜಾರಿ ಬಿದ್ದರೆ ಮಕ್ಕಳಿಗೆ ಉತ್ತರ ಕೊಡುವವರು ಯಾರು?” ಇದನ್ನು ತಳ್ಳಿಹಾಕುವಂತಿಲ್ಲ; ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಮೇಲೇಳುವುದು ಕಷ್ಟ. ಆದರೆ ಈ ಭಯದ ಬೇರು ಅರ್ಧ ನಮ್ಮಲ್ಲಿಯೇ ಇದೆ. ನಮಗಾದರೆ ಸ್ವಾತಂತ್ರ್ಯ ಬೇಕು, ಪ್ರೀತಿಯವರಿಗಾದರೆ ಕ್ಷೇಮ ಸಾಕು ಎನ್ನುತ್ತೇವೆ. ಅಮೆರಿಕದ ಆರೆಗಾನ್ ಸಂಸ್ಥಾನದ ಕೆರೆನ್ ಬ್ರೌನ್ ವಿಲ್ಸನ್ ಎಂಬಾಕೆ ಇದನ್ನು ಸ್ಪಷ್ಟವಾಗಿ ಕಂಡವರು. ಲಕ್ವ ಹೊಡೆದ ಅವರ ತಾಯಿ ಶುಶ್ರೂಷಾಲಯಗಳಲ್ಲಿ ವರ್ಷಗಳನ್ನು ಕಳೆದಿದ್ದರು. ತಾಯಿಗೆ ಬೇಕಾದದ್ದು ತನ್ನದೆಂಬ ಒಂದು ಕೋಣೆ, ಪುಟ್ಟ ಅಡುಗೆಮನೆ, ಒಳಗಿನಿಂದ ಹಾಕಿಕೊಳ್ಳುವ ಬಾಗಿಲು. ಮಗಳು 1983ರಲ್ಲಿ ಪೋರ್ಟ್‌ಲೆಂಡಿನಲ್ಲಿ 112 ಮನೆಗಳ ನಿವಾಸವನ್ನು ಹಾಗೆಯೇ ಕಟ್ಟಿಸಿದರು. ನಿಶ್ಶಕ್ತರ ಕೈಗೆ ಒಲೆಯೂ ಬೀಗವೂ! ಅನಾಹುತವಾಗುತ್ತದೆಂದು ಹಲವರು ಹೆದರಿಸಿದರು. 1988ರಲ್ಲಿ ವಿಚಾರಣೆಯ ಫಲ ಹೊರಬಿದ್ದಾಗ ನಿವಾಸಿಗಳ ಆರೋಗ್ಯ ಕೆಟ್ಟಿರಲಿಲ್ಲ; ಬಡವರ ಮೇಲೆ ಸರ್ಕಾರ ಮಾಡುವ ವೆಚ್ಚವೂ ಶುಶ್ರೂಷಾಲಯಕ್ಕಿಂತ ನೂರಕ್ಕೆ 20ರಷ್ಟು ಕಡಮೆಯಾಗಿತ್ತು.

‘ಅರವತ್ತಕ್ಕೆ ಅರಳುಮರುಳು’ ಎಂದು ನಮ್ಮ ಗಾದೆ. ಬೇಂದ್ರೆಯವರು ಅರವತ್ತು ದಾಟಿದ ಮೇಲೆ, 1958ರಲ್ಲಿ, ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಸಂಕಲನದ ಹೆಸರು ‘ಅರಳು ಮರಳು’. ಒಂದು ಉಕಾರವನ್ನು ಕೈಬಿಟ್ಟದ್ದರಿಂದ ಗಾದೆಯ ಮರುಳೇ ಹೋಗಿ, ಮತ್ತೆ ಅರಳು ಎಂದು ಬಿಡಿಸಿಕೊಳ್ಳುವುದಕ್ಕೆ ಅವಕಾಶವಾಯಿತು.

ತಮ್ಮವರಿಗಾಗಿ ಆಶ್ರಮವನ್ನು ಹುಡುಕುತ್ತಿರುವವರು ಅದನ್ನು ನೋಡಲು ಊಟದ ಹೊತ್ತಿಗೆ ಹೋಗುವುದು ವಾಡಿಕೆ. ಊಟ ಹೇಗಿದೆಯೆಂದು ತಿಳಿಯುತ್ತದೆ, ಸರಿ. ಇನ್ನೊಂದು ದಿನ ಹೇಳದೆ ಕೇಳದೆ ಮಧ್ಯಾಹ್ನ ಮೂರು ಗಂಟೆಗೆ ಹೋಗಿ ನೋಡಿ. ಎಷ್ಟು ಮಂದಿ ಗೋಡೆ ನೋಡುತ್ತ ಕುಳಿತಿದ್ದಾರೆ, ಎಷ್ಟು ಮಂದಿಯ ಕೈಯಲ್ಲಿ ಏನಾದರೊಂದು ಕೆಲಸವಿದೆ ಎಂದು ಎಣಿಸಿ. ಮನೆಯಿಂದ ತಮ್ಮ ಪೆಟ್ಟಿಗೆಯನ್ನೋ ದೇವರ ಪಟವನ್ನೋ ತರಬಹುದೇ, ಸ್ನಾನ ಬೆಳಿಗ್ಗೆಯೋ ಸಂಜೆಯೋ ಎಂದು ಯಾರು ಗೊತ್ತುಮಾಡುತ್ತಾರೆ, ಗೇಟಿನ ಹೊರಗಿನ ಅಂಗಡಿಗೆ ಹೋಗಿ ಎಲೆಯಡಿಕೆ ತರಲು ಯಾರ ಅಪ್ಪಣೆ ಬೇಕು ಎಂದು ವಿಚಾರಿಸಿ. ಉತ್ತರವನ್ನು ವ್ಯವಸ್ಥಾಪಕರಿಂದ ಕೇಳಿದ ಮೇಲೆ, ಹಿತ್ತಲ ಕಡೆಯ ಬೆಂಚಿನ ಮೇಲೆ ಕುಳಿತ ಯಾರಾದರೊಬ್ಬ ಹಿರಿಯರನ್ನೂ ಅದೇ ಪ್ರಶ್ನೆ ಕೇಳಿ ನೋಡಿ.